ಮೊದಲು ಮೇಸ್ತ್ರಿಯ ತಲೆ

ಅವನು ಕಟ್ಟಿದ ಗೋಡೆ ಎಷ್ಟು ನೆಟ್ಟಗೋ ಆಡುವ ಮಾತೂ ಅಷ್ಟೇ ನೆಟ್ಟಗೆ. ಅದಕ್ಕೇ ಜನ ಮೇಸ್ತ್ರಿಗೆ, ಗೋಡೆಯ ನೇರ ನೋಡಲು ಇಳಿಬಿಡುವ ತೂಕಗುಂಡಿನ ಹೆಸರಿಟ್ಟಿದ್ದರು. "ಗುಂಡಿಗಾದ್ರೂ ದಾರ ಇದೆ, ಇವರ ಬಾಯಿಗೆ ಅದೂ ಇಲ್ಲ," ಅನ್ನುತ್ತಿದ್ದಳು ಹೆಂಡತಿ.

ಮೂವತ್ತು ವರ್ಷದ ಕಸುಬಿನಲ್ಲಿ ಅವನು ಎಂದೂ ಬಿಡದ ಕಟ್ಟಳೆಯೊಂದಿತ್ತು. ತಾರಸಿ ಹಾಕಿದ ಮೇಲೆ ಇಪ್ಪತ್ತೊಂದು ದಿನ ನೀರುಣಿಸಬೇಕು. ಆಮೇಲೆ ಆಸರೆ ಕಂಬಗಳನ್ನು ಬಿಚ್ಚಬೇಕು. ಕೊನೆಯ ಕಂಬಕ್ಕೆ ಹಗ್ಗ ಕಟ್ಟಿ ಹೊರಗಿನಿಂದ ಎಳೆಯುವಾಗ ಮೇಸ್ತ್ರಿ ಒಬ್ಬನೇ ತಾರಸಿಯ ಕೆಳಗೆ ನಿಂತಿರಬೇಕು. ಮೊದಲು ಮೇಸ್ತ್ರಿ ತಲೆ, ಆಮೇಲೆ ಮನೆಯವರ ತಲೆ ಅಂತ ಅವನಪ್ಪ ಕಲಿಸಿದ್ದು.

ಆ ವರ್ಷ ಚರ್ಚಿನ ಹಿಂದೆ ಮಕ್ಕಳ ಪಾಠಕ್ಕೆಂದು ಅವನು ಒಂದು ಕೋಣೆಯ ಗೋಡೆ ಎಬ್ಬಿಸಿದ್ದ. ತಾರಸಿ ಹಾಕುವ ಸೇವೆಗೆ ಕಡಲಾಚೆಯಿಂದ ಹನ್ನೆರಡು ಮಂದಿ ಬಂದರು, ಹತ್ತು ದಿನದ ಮಟ್ಟಿಗೆ. ನಾಲ್ಕನೆಯ ದಿನ ಸಾಲಾಗಿ ನಿಂತು, ಹಾಡುತ್ತಾ, ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಕಲಸಲು ಸಲೀಸಾಗಲಿ ಅಂತ ನೀರನ್ನೂ ಧಾರಾಳವಾಗಿ ಸುರಿದರು.

"ಪಾಸ್ಟರೇ, ಇದು ತಾರಸಿಗೋ, ಕುಡಿಯೋಕೋ?" ಮೇಸ್ತ್ರಿ ಕೂಗಿದ.

"ಪ್ರೀತಿಯಿಂದ ಕಲಸ್ತಿದ್ದಾರೆ ಬಿಡು."

"ಪ್ರೀತಿ ನೋಡಿ ಸಿಮೆಂಟ್ ಗಟ್ಟಿಯಾಗಲ್ಲ ಸ್ವಾಮಿ."

ಬಂದವರಲ್ಲಿ ಒಬ್ಬಳು ಮುದುಕಿ. ಆ ಕೋಣೆ ಸತ್ತುಹೋದ ಅವಳ ಮಗನ ನೆನಪಿಗೆ. ಸಂಜೆಯಾದರೆ ಸಾಕು, ಕಂಬಗಳ ಕಾಡಿನೊಳಗೆ ಇಣುಕಿ ನಿಲ್ಲುತ್ತಿದ್ದಳು. ಒಂಬತ್ತನೆಯ ದಿನ ಪಾಸ್ಟರ್ ಬಂದು, "ನಾಳೆ ಹೊರಡ್ತಾರೆ. ಮಗನ ಸೂರಿನಡಿ ಒಂದ್ಸಲ ನಿಂತು ಪ್ರಾರ್ಥನೆ ಮಾಡ್ಬೇಕಂತೆ. ಕಂಬ ತೆಗೀತೀಯಾ?" ಅಂದರು.

"ಐದು ದಿನದ ತಾರಸಿ ಅಂದ್ರೆ ಐದು ದಿನದ ಕೂಸು. ನಿಲ್ಸಿದ್ರೆ ನಿಲ್ಲತ್ತಾ?"

ಪಾಸ್ಟರ್ ಜೊತೆ ಬಂದಿದ್ದ ಮುದುಕಿ ಮುಂದೆ ಬಂದು ಅವನ ಸಿಮೆಂಟು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಲೇ ಇಲ್ಲ. ಮೂವತ್ತು ವರ್ಷ ಅಲುಗದ ಗುಂಡು ಆ ಹೊತ್ತು ಓಲಾಡಿತು.

"ಆಯ್ತು," ಅಂದ.

ಬೆಳಿಗ್ಗೆ ಕಂಬ ಬಿಚ್ಚುವ ಕೆಲಸ ಅವನ ಬಾಮೈದನದು.

"ಬೇಡ ಭಾವ. ಅಕ್ಕನಿಗೆ ಏನಂತ ಹೇಳ್ಲಿ?"

"ಹಗ್ಗ ಎಳಿ. ಒಳಗೆ ನಾನೊಬ್ನೇ."

ಕೊನೆಯ ಕಂಬ ಬಿತ್ತು. ತಾರಸಿ ನಿಂತಿತು. ಹೊರಗಿದ್ದವರು ಚಪ್ಪಾಳೆ ತಟ್ಟಿದರು. ಮುದುಕಿ ಕೈ ಚಾಚಿಕೊಂಡು ಒಳಗೇ ಬಂದುಬಿಟ್ಟಳು. ತಾರಸಿ ಚಟ್ಟನೆ ಸದ್ದು ಮಾಡಿತು, ಮೇಸ್ತ್ರಿಯ ತಲೆಯ ಮೇಲೆ ಪುಡಿ ಉದುರಿತು. ಅವನಿಗೆ ಆ ಸದ್ದು ಗೊತ್ತು. ಓಡಿಬಂದು ಅವಳನ್ನು ಬಾಗಿಲಾಚೆ ನೂಕಿದ. ಅವಳು ಬಿದ್ದದ್ದು ಮಣ್ಣಿನ ಮೇಲೆ. ತಾರಸಿ ಬಿದ್ದದ್ದು ಅವನ ಬಲಗಾಲಿನ ಮೇಲೆ.

ಆಸ್ಪತ್ರೆಯಲ್ಲಿ ಮಂಡಿಯ ಮೇಲಿನಿಂದ ಕಾಲು ತೆಗೆದರು. ಮುದುಕಿ ಹೊರಡುವ ಗಳಿಗೆಯವರೆಗೂ ಹಾಸಿಗೆಯ ಬುಡದಲ್ಲಿ, ಆ ಕಾಲು ಇರಬೇಕಿದ್ದ ಕಡೆ, ತಲೆಯಿಟ್ಟು ಕೂತಿದ್ದಳು.

"ದೇವರು ಜೀವ ಉಳಿಸಿದ," ಅಂದರು ಪಾಸ್ಟರ್.

"ಇಪ್ಪತ್ತೊಂದು ದಿನ ಕಾಯಿರಿ ಅಂತಾನೂ ಆ ದೇವರೇ ಇವರ ಬಾಯಲ್ಲಿ ಹೇಳ್ಸಿದ್ದ," ಅಂದಳು ಹೆಂಡತಿ. "ಅದು ಕೇಳಿಸ್ಲಿಲ್ಲ ನಿಮಗೆ."

"ಅವರನ್ನ ಬೈಬೇಡ್ವೇ. ಒಪ್ಪಿದ್ದು ನಾನು," ಅಂದ ಮೇಸ್ತ್ರಿ.

ಮೂರು ತಿಂಗಳಾದ ಮೇಲೆ ಬಾಮೈದನೇ ಹೊಸ ತಾರಸಿ ಹಾಕಿದ. ಇಪ್ಪತ್ತೆರಡನೆಯ ದಿನ ಮೇಸ್ತ್ರಿಯನ್ನು ಕುರ್ಚಿಯ ಸಮೇತ ಹೊತ್ತು ತಂದು ಬಾಗಿಲ ಹೊರಗೆ ಕೂರಿಸಿದರು.

"ನೀರು ಎಷ್ಟು ದಿನ ಕೊಟ್ಟೆ?"

"ಇಪ್ಪತ್ತೊಂದು, ಭಾವ. ಒಂದು ಹೊತ್ತೂ ತಪ್ಪಿಸಿಲ್ಲ. ಹಾಕಿದೋನು ನಾನು, ತಲೆ ನಂದೇ. ಹಗ್ಗ ನೀನು ಹಿಡಿ."

ಬಿಚ್ಚದೆ ಉಳಿದದ್ದು ಒಂದೇ ಕಂಬ. ಬಾಮೈದ ಒಳಗೆ ಹೋಗಿ ನಿಂತ. ಮೇಸ್ತ್ರಿ ಹಗ್ಗ ಹಿಡಿದ. ತನ್ನ ತಲೆಯ ಬಗ್ಗೆ ಒಂದು ದಿನವೂ ಹೆದರದಿದ್ದವನ ಕೈ ಅದನ್ನು ಎಳೆಯಲೇ ಇಲ್ಲ.

"ಎಳಿ ಭಾವ, ಕುತ್ತಿಗೆ ನೋಯ್ತಿದೆ."

"ಇನ್ನೊಂದು ವಾರ ನೀರು ಕೊಡು," ಅಂದ ಮೇಸ್ತ್ರಿ.

ವಾರ ಕಳೆದ ಮೇಲೂ ಅದನ್ನೇ ಅಂದ. ಅದರ ಮುಂದಿನ ವಾರವೂ ಅದನ್ನೇ. ಆಮೇಲೆ ಅವನನ್ನು ಯಾರೂ ಕೇಳಲಿಲ್ಲ. ಇವತ್ತಿಗೂ ಆ ಕೋಣೆಯ ನಟ್ಟನಡುವೆ ಆ ಒಂದು ಕಂಬ ಹಾಗೇ ನಿಂತಿದೆ. ಮಕ್ಕಳು ಅದರ ಸುತ್ತ ಕೂತು ಪಾಠ ಕಲಿಯುತ್ತಾರೆ.