ಆರಿಸಿದವರು ಒಳಗೆ ಕೂರಬೇಕು

ರಕ್ಷಣಾ ಕಾರ್ಯವೆಂದರೆ ಸೈರನ್ನು, ಹೆಲ್ಮೆಟ್ಟು, ಮರುದಿನ ಪತ್ರಿಕೆಯಲ್ಲೊಂದು ಫೋಟೋ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅದು ಮೊದಲಿಗೆ ಸಲಕರಣೆಯನ್ನು ಆರಿಸುವ ವಿವೇಕವೆಂದು ನಮ್ಮ ದಳಕ್ಕೆ ಕಲಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತರಬೇತುದಾರರು. ಕೈವಿಂಚಿನ ವಿಷಯದಲ್ಲಂತೂ ಅವರ ಮಾತೇ ಕೊನೆಯ ಮಾತು. ಕಚೇರಿಯ ಕಡತದಲ್ಲಿ ಅವರಿಗೆ ಬೇರೆ ಹೆಸರಿದೆ. ದಳದ ಬಾಯಲ್ಲಿ ಅವರು ‘ಇನ್ನೊಂದು ಮೇಡಂ’. ಆ ಹೆಸರು ಹುಟ್ಟಿದ್ದನ್ನು ಮಷಿನ್ನಿನ ಕೆಳಗಿನಿಂದ ಕೇಳಿಸಿಕೊಂಡವನು ನಾನೊಬ್ಬನೇ. ಎಂಟನೇ ತರಗತಿಗೇ ಶಾಲೆಗೆ ಕೈಮುಗಿದು ಬಂದವನಿಗೆ ಮೇಡಂ ಅವರ ಈ ಅಭಿನಂದನ ಗ್ರಂಥದಲ್ಲಿ ಜಾಗ ಸಿಕ್ಕಿರುವುದು ಆ ಅರ್ಹತೆಯ ಮೇಲೆಯೇ.

ಕೈವಿಂಚೆಂದರೆ ಮೋಟರಿಲ್ಲದೆ, ಲಿವರನ್ನು ಕೈಯಿಂದ ಆಡಿಸಿ ಭಾರ ಎಳೆಯುವ ಸಾಧನ. ಅದರಲ್ಲಿ ಎರಡು ಜಾತಿ. ಚೈನ್ ವಿಂಚಿನ ಎಳೆತ ಗಿಡ್ಡ, ಮೈಭಾರ ಹೆಚ್ಚು. ಆದರೆ ಹಲ್ಲು ಹಲ್ಲಾಗಿ ಎಳೆಯುತ್ತದೆ, ಹಲ್ಲು ಹಲ್ಲಾಗಿಯೇ ಬಿಡುತ್ತದೆ, ಮಣ್ಣು ಮೆತ್ತಿದರೆ ತೊಳೆದುಕೊಂಡರಾಯಿತು. ವೈರ್ ರೋಪ್ ವಿಂಚು ಹಗುರ, ಬೀದಿಯ ಆಚೆ ಬದಿಯಿಂದಲೂ ಎಳೆಯಬಲ್ಲದು. ಆದರೆ ಉದ್ದನೆಯ ಹಗ್ಗ ಬಿಗಿದಾಗ ಹಿಗ್ಗಿ ಬಲವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ, ಚೂಪು ಅಂಚಿಗೆ ಉಜ್ಜಿದರೆ ಎಳೆ ಎಳೆಯಾಗಿ ಹರಿಯುತ್ತದೆ. ಇಷ್ಟನ್ನು ಯಾವ ಅಂಗಡಿಯವನೂ ಹೇಳಿಯಾನು. ಯಾವಾಗ ಯಾವುದು ಎಂಬುದನ್ನು ಮೇಡಂ ಹೇಳಿದರು.

ಆಗ ನಾನು ಒಂದು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಕೆಲಸದಲ್ಲಿದ್ದೆ. ಕತ್ತರಿಸುವ ಮಷಿನ್ನನ್ನು ಗೋಡೆ ಬದಿಗೆ ಸರಿಸಬೇಕಿತ್ತು. ಸಾಗಿಸುವವರನ್ನು ಕರೆಸಿ ಎಂದರೆ ಮಾಲೀಕರು, ನಿಮ್ಮ ತೋಳೊಳಗಿರುವುದೇನು ಹತ್ತಿಯೇ ಎಂದರು. ಪೈಪುಗಳ ಮೇಲೆ ಉರುಳಿಸುತ್ತಾ ಹೋದೆವು. ಒಂದು ಪೈಪು ಜಾರಿತು, ಆನೆಯಂಥ ಮಷಿನ್ನು ಗೋಡೆಗೆ ವಾಲಿತು, ನಡುವೆ ನನ್ನ ತೊಡೆ ಸಿಕ್ಕಿಕೊಂಡಿತು. ಮಾಲೀಕರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಇಳಿಸುವ ಉದ್ದೇಶವೂ ಇಲ್ಲ.

ದಳ ಬಂತು. ಮುಖ್ಯಾಧಿಕಾರಿಗಳು ಬೀದಿಯ ಎದುರು ಬದಿಯ ಕಾಂಕ್ರೀಟ್ ಕಂಬಕ್ಕೆ ವೈರ್ ರೋಪ್ ವಿಂಚನ್ನು ಕಟ್ಟಿಸಿ ಕೂಡಲೇ ಎಳೆಸಲು ಹೊರಟರು. ಆಗ ಇನ್ನೂ ಕಿರಿಯ ಹುದ್ದೆಯಲ್ಲಿದ್ದ ಮೇಡಂ ಒಳಗೆ ಬಂದು, ನನ್ನನ್ನೂ ಮಷಿನ್ನಿನ ಬುಡವನ್ನೂ ನೋಡಿ, ಹಗ್ಗ ಬೇಡ, ಚೈನು ಬೇಕು ಎಂದರು. ನೆಲಕ್ಕೆ ಬೋಲ್ಟ್ ಹಾಕಿದ ದೊಡ್ಡ ಮುದ್ರಣ ಯಂತ್ರ ಹತ್ತಿರದಲ್ಲೇ ಇತ್ತು. ಚೈನನ್ನು ಅದಕ್ಕೆ ಕಟ್ಟಬಹುದಿತ್ತು. ಆದರೆ ಅದರ ಬುಡದ ತನಕ ಕಾಗದದ ಕಟ್ಟುಗಳು ಗುಡ್ಡೆ ಬಿದ್ದಿದ್ದವು. ಅವನ್ನು ತೆಗೆಯಲು ಹೊತ್ತು ಬೇಕು. ಹೊರಗೆ ಜನ ಕೂಗಾಡಿದರು. ಒಳಗೆ ನಾನೂ ಬಾಯಿಗೆ ಬಂದದ್ದನ್ನೆಲ್ಲ ಬೈದೆ.

“ಬೈಯಪ್ಪಾ, ಬೈಯಿ,” ಎಂದರು ಮೇಡಂ. “ಬೈಯೋಷ್ಟು ಉಸಿರಿದೆಯಲ್ಲ, ಒಳ್ಳೇದೇ ಆಯ್ತು.”

ಮುಖ್ಯಾಧಿಕಾರಿಗಳು ತಡವಾಗುತ್ತದೆಂದು ಗದರಿದರು. ಮೇಡಂ ದನಿ ಏರಿಸಲಿಲ್ಲ. “ಹಗ್ಗ ಆ ಬಾಗಿಲಿನ ಕಬ್ಬಿಣಕ್ಕೆ ಉಜ್ಜುತ್ತೆ ಸರ್. ಹಿಗ್ಗಿ ಹಿಗ್ಗಿ ಕೊನೆಗೆ ಮಷಿನ್ ಒಂದೇ ಸಲ ಎಗರುತ್ತೆ. ಎಗರಿ ವಾಪಸ್ ಬಿದ್ರೆ ಇವನ ಮೇಲೇ. ಇಲ್ಲ, ಹಗ್ಗವೇ ಸರಿ ಅಂತೀರಾ, ಬನ್ನಿ, ಇಲ್ಲಿ ಇವನ ಪಕ್ಕ ಕೂತ್ಕೊಳ್ಳಿ. ನಾನು ಹೊರಗೆ ಹೋಗಿ ಎಳೀತೀನಿ. ಚೈನು ಅಂದ್ರೆ ನಾನೇ ಕೂರ್ತೀನಿ.”

ಹಾಗೆಂದವರೇ ಮಷಿನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತುಬಿಟ್ಟರು. ಅದು ಬಿದ್ದರೆ ಇಬ್ಬರ ಮೇಲೂ ಬೀಳುವ ಜಾಗ. ಮುಖ್ಯಾಧಿಕಾರಿಗಳು ಸಮವಸ್ತ್ರದ ತೋಳು ಮಡಚಿ ಮೊದಲ ಕಾಗದದ ಕಟ್ಟನ್ನು ತಾವೇ ಹೊತ್ತರು. ಕೊನೆಗೆ ಲಿವರನ್ನೂ ತಾವೇ ಹಿಡಿದರು. ಅಂದಿನ ಆ ಮುಖ್ಯಾಧಿಕಾರಿಗಳೇ ಈ ಗ್ರಂಥದ ಸಂಪಾದಕರು. ಈ ಪ್ಯಾರಾವನ್ನು ಕತ್ತರಿಸುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾರೆ.

ಮೇಡಂ ಒಂದು ಕೈಯನ್ನು ಮಷಿನ್ನಿನ ಬುಡದ ಮೇಲೆ, ಇನ್ನೊಂದನ್ನು ನನ್ನ ಭುಜದ ಮೇಲೆ ಇಟ್ಟುಕೊಂಡು “ಇನ್ನೊಂದು” ಎಂದರು. ಚೈನು ಒಂದು ಹಲ್ಲು ಸರಿಯಿತು. ಸಂದಿಗೆ ಮರದ ತುಂಡು ತೂರಿಸಿದರು. ಮತ್ತೆ “ಇನ್ನೊಂದು”. ನಾನು ನರಳಿದರೆ “ನಿಲ್ಸಿ”, ಸುಮ್ಮನಾದರೆ “ಇನ್ನೊಂದು”. ಆನೆ ಎದ್ದು ನಿಂತಿತು. ನಾನು ಕಾಲಿನ ಸಮೇತ ಹೊರಗೆ ಬಂದೆ. ಮೂಳೆ ಕೂಡಿದ ಮೇಲೆ ಮುದ್ರಣಾಲಯಕ್ಕೆ ಹೋಗಲಿಲ್ಲ, ನೆಟ್ಟಗೆ ದಳದ ಬಾಗಿಲಿಗೆ ಹೋದೆ. ಓದು ಸಾಲದೆಂದು ಅಲ್ಲಿನವರು ತಿರುಗಿಸಿ ಕಳಿಸಿದಾಗ, ಮೇಡಂ ಬಿಡುವಿನ ಸಂಜೆಗಳಲ್ಲಿ ಎದುರು ಕೂರಿಸಿಕೊಂಡು ಪರೀಕ್ಷೆಗೆ ಓದಿಸಿದರು. ಅಲ್ಲೂ ಅದೇ ರಾಗ: ಇನ್ನೊಂದು ಲೆಕ್ಕ, ಇನ್ನೊಂದು ಪುಟ. ಪುಸ್ತಕ ಎಸೆದರೆ ಎತ್ತಿ ತಂದು ಅದೇ ಪುಟ ತೆರೆದಿಡುತ್ತಿದ್ದರು.

ಮುಂದೆ ಚೈನ್ ವಿಂಚು ಹಳೇ ಕಾಲದ್ದು, ಭಾರದ್ದು, ಎಲ್ಲ ವಾಹನಗಳಿಗೂ ವೈರ್ ರೋಪ್ ಒಂದೇ ಸಾಕು ಎಂಬ ಗಾಳಿ ಬೀಸಿತು. ಬೀಸಿದವರಲ್ಲಿ ಕೆಲವರು ಇದೇ ಗ್ರಂಥದಲ್ಲಿ ಮೇಡಂ ಅವರ ದೂರದೃಷ್ಟಿಯನ್ನು ಹೊಗಳಿ ಬರೆದಿದ್ದಾರೆ. ಓದಿ ನನ್ನ ಮೈ ಉರಿಯಿತು. ಮೇಡಂ ಅಂದೂ ಉರಿಯಲಿಲ್ಲ. ವಿಂಚನ್ನು ಆರಿಸಿದವರೇ ಸಿಕ್ಕಿಬಿದ್ದವರ ಪಕ್ಕ ಕೂರಬೇಕೆಂಬ ತಮ್ಮ ಪದ್ಧತಿಯನ್ನು ನಿಯಮವಾಗಿಸಿದರೆ ಸಾಕು, ಆಮೇಲೆ ಏನನ್ನು ಬೇಕಾದರೂ ತೆಗೆಯಿರಿ ಎಂದರು. ನಿಯಮವಾಯಿತು. ಏನನ್ನೂ ತೆಗೆಯಲಿಲ್ಲ. ಇಂದು ನಮ್ಮ ಪ್ರತಿ ವಾಹನದಲ್ಲಿ ಎರಡೂ ಅಕ್ಕಪಕ್ಕ ಕುಳಿತಿವೆ.

ಕಳೆದ ತಿಂಗಳ ಮಾತು. ಕಾಲುವೆಯ ಇಳಿಜಾರಿನಲ್ಲಿ ಒಂದು ವ್ಯಾನು ಮೂತಿ ಕೆಳಗಾಗಿ ನಿಂತಿತ್ತು, ಒಳಗೆ ಸೀಟಿಗೂ ಸ್ಟೀರಿಂಗಿಗೂ ನಡುವೆ ಸಿಕ್ಕಿಕೊಂಡ ಚಾಲಕಿ. ಆಕೆಯ ಬದಿಯ ಬಾಗಿಲು ಮಣ್ಣಿಗೆ ಒತ್ತಿಕೊಂಡು ತೆರೆಯುತ್ತಿರಲಿಲ್ಲ. ನಾನು ವೈರ್ ರೋಪ್ ಕೇಳಿದೆ. ಮೇಡಂ ಎದುರಿಗೇ ರೋಪು ಕೇಳ್ತಾನಲ್ಲ ಎಂದು ಜೊತೆಯವರು ಮುಸಿಮುಸಿ ನಕ್ಕರು. ಮೇಡಂ ಕೇಳಿದ್ದು ಒಂದೇ ಮಾತು: “ಯಾಕೆ?”

“ದೂರ ಮೇಡಂ. ಚೈನು ಸಾಲಲ್ಲ. ಬಿಚ್ಚಿ ಮತ್ತೆ ಕಟ್ಟೋಕೆ ನಿಂತ್ರೆ ವ್ಯಾನು ನೀರಿಗೆ ಜಾರುತ್ತೆ. ಹಗ್ಗ ಎಲ್ಲೂ ಅಂಚಿಗೆ ತಾಗಲ್ಲ, ನೋಡಿದೀನಿ.”

ಅವರು ಹಗ್ಗದುದ್ದಕ್ಕೂ ಬಟ್ಟೆ ಹಿಡಿದು ಎಳೆದು, ಎಲ್ಲಾದರೂ ಎಳೆ ಕಿತ್ತು ಸಿಕ್ಕಿಕೊಳ್ಳುತ್ತದೆಯೇ ನೋಡಿದರು. ಕೈಗವಸು ಏರಿಸಿ ಲಿವರಿನ ಬಳಿ ಕುಕ್ಕರಗಾಲಿನಲ್ಲಿ ಕೂತರು. “ಆರಿಸಿದ್ದು ನೀನು ತಾನೇ? ಹೋಗು, ಒಳಗೆ ಕೂತ್ಕೋ.”

ಹಿಂಬಾಗಿಲಿನಿಂದ ನುಸುಳಿ ಆ ತಾಯಿಯ ಪಕ್ಕ ಕೂತೆ. ಆಕೆ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದು, ನನ್ನನ್ನೂ ನನ್ನ ದಳವನ್ನೂ ಚೆನ್ನಾಗಿ ಬೈದರು. ಬೈಯಮ್ಮಾ, ಬೈಯಿ ಎಂದೆ. ಆಮೇಲೆ ಮೇಲಕ್ಕೆ ಮುಖ ಮಾಡಿ ಕೂಗಿದೆ: “ಇನ್ನೊಂದು!”

ಮೇಲೆ ಲಿವರ್ ಆಡಿತು, ವ್ಯಾನು ಒಂದು ಬೆರಳು ಏರಿತು. ಬಾಗಿಲು ತೆರೆಯುವ ತನಕ ನಾನು ಕೂಗುತ್ತಲೇ ಇದ್ದೆ, ಅವರು ಎಳೆಯುತ್ತಲೇ ಇದ್ದರು.

ನಿವೃತ್ತಿಯ ಮರುವಾರದಿಂದಲೇ ಹೊಸಬರಿಗೆ ಪಾಠ ಹೇಳಲು ಬರುವುದಾಗಿ ಅವರು ಒಪ್ಪಿದ್ದಾರೆ. ನೂರು ವರ್ಷ ಬಾಳಿ ಎಂದು ಒಟ್ಟಿಗೆ ಹಾರೈಸಲು ನನಗೆ ಧೈರ್ಯವಿಲ್ಲ. ಒಂದೇ ಸಲ ಎಳೆಯಬಾರದೆಂದು ಕಲಿಸಿದವರೇ ಅವರು. ಪ್ರತಿ ವರ್ಷದ ಕೊನೆಗೂ ಅವರ ಬಾಗಿಲಲ್ಲಿ ನಿಂತು ಕೇಳುತ್ತೇನೆ: ಮೇಡಂ, ಇನ್ನೊಂದು.