ಹೆರಿಗೆ ಮಾಡಿಸಿದವಳ ನಿದ್ದೆ

ಮಗಳಿಗೆ ಹೆಣ್ಣು ಮಗುವಾದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಅಂಥ ಸಂತೋಷವನ್ನು ಬರೆಯಲು ನನಗೆ ಬಾರದು. ಸಿಟ್ಟನ್ನಾದರೆ ಬರೆದೇನು.

ನಮ್ಮಲ್ಲಿ ಮಗುವನ್ನು ಮೊದಲು ಕೈಗೆತ್ತಿಕೊಂಡವರ ಬಾಯಿ ಸಿಹಿ ಮಾಡದೆ ಮನೆಯವರು ಸಿಹಿ ಮುಟ್ಟುವುದಿಲ್ಲ. ಮಧ್ಯಾಹ್ನ ಲಿಂಗರಾಜಪುರದ ಮನೆಯಿಂದ ಮಗಳಿಗೆ ಊಟ, ನಸುಕಿನಲ್ಲಿ ಹೆರಿಗೆ ಮಾಡಿಸಿದ ಸಿಸ್ಟರಿಗೆ ಮೈಸೂರುಪಾಕು ಹಿಡಿದು ಹಲಸೂರಿನ ಆಸ್ಪತ್ರೆಗೆ ಹೋದೆ. ಆ ಸಿಸ್ಟರ್ ಹಿಂದಿನ ಸಂಜೆ ಡ್ಯೂಟಿಗೆ ಬಂದವಳು. ಬೆಳಗ್ಗೆ ಬರಬೇಕಾದ ಬದಲಿಯವಳು ಬರಲಿಲ್ಲವಾಗಿ ಇಷ್ಟೊತ್ತೂ ಅವಳೇ ನಿಂತಿದ್ದಳು.

"ಆ ಸಿಸ್ಟರ್ ಎಲ್ಲವ್ಳಮ್ಮಾ?" ಎಂದು ಆಯಾಳನ್ನು ಕೇಳಿದೆ.

"ಮೇಲೆ ಮೀಟಿಂಗ್ ಹಾಲಲ್ಲಿ ಅಜ್ಜಿ. ಡ್ಯೂಟಿ ಮುಗೀತು, ಈಗ ಟೆನ್ಷನ್ ಕಮ್ಮಿ ಮಾಡ್ಕೊಳ್ಳೋ ಕ್ಲಾಸು. ಹೋಗ್ಲಿಲ್ಲಾಂದ್ರೆ ಆಬ್ಸೆಂಟ್."

ಮೇಲೆ ಹತ್ತಿ ಹೋದರೆ ಆ ಹಾಲಿನಲ್ಲಿ ಯಾರೋ ಒಬ್ಬರು "ನಿಧಾನವಾಗಿ ಉಸಿರಾಡಿ" ಎನ್ನುತ್ತಿದ್ದರು. ಕೊನೇ ಕುರ್ಚಿಯಲ್ಲಿ ಅವಳ ತಲೆ ಎದೆಗೆ ಬಿದ್ದಿತ್ತು. ಇನ್‌ಚಾರ್ಜ್ ಮೇಡಂ ಪೆನ್ನಿನಿಂದ ಅವಳ ಭುಜ ತಿವಿದರು. "ಕ್ಲಾಸಲ್ಲಿ ನಿದ್ದೆ ಮಾಡ್ಬೇಡಮ್ಮ."

ನನ್ನ ಮೈ ಉರಿದುಹೋಯಿತು. ಡಬ್ಬಿ ಚಾಚಿದರೆ ಅವಳು ಪಿಸುಗುಟ್ಟಿದಳು: "ತಿಂಡೀನೇ ತಿಂದಿಲ್ಲಮ್ಮಾ. ಎದ್ರೆ ಹೆಸ್ರು ಬರ್ಕೋತಾರೆ."

ಒಂದು ಸುಳ್ಳು ಹೇಳಿದೆ. "ಮೇಡಂ, ಮಗು ಹಾಲು ಕುಡೀತಿಲ್ಲ. ನನ್ನ ಮಗ್ಳು ಈ ಸಿಸ್ಟರೇ ಬೇಕಂತ ಅಳ್ತಾವ್ಳೆ."

ಪೇಷೆಂಟಿನ ಮಾತು ಬಂದ ಮೇಲೆ ಬಿಟ್ಟರು. ಅಷ್ಟು ಸುಸ್ತಾದವಳು ಮೆಟ್ಟಿಲು ಓಡಿ ಇಳಿದಳು. ಮಗುವಿನ ಬಾಯಿಗೆ ಬೆರಳಿಟ್ಟು ನೋಡಿ, "ಚೆನ್ನಾಗೇ ಚೀಪ್ತಾಳಲ್ಲಾ!" ಎಂದಳು.

"ಅವ್ಳಿಗೇನಾಗಿದೆ? ನೀನು ಉಂಡು ಮಲಕ್ಕೊಳವ್ವ."

ಗೋಡೆಗೊರಗಿ ನಕ್ಕಳೋ ಅತ್ತಳೋ, ತಿಳಿಯಲಿಲ್ಲ. ಮಗಳೇ ತನ್ನ ಊಟ ಅವಳ ಮುಂದೆ ತಳ್ಳಿದಳು. ಉಂಡು, ಮೈಸೂರುಪಾಕು ಬಾಯಿಗೆ ಹಾಕಿಕೊಂಡು, ಬಾಣಂತಿ ಕಡೆಯವರಿಗೆಂದು ಹಾಕಿದ್ದ ಮಂಚದಲ್ಲಿ ಉರುಳಿದವಳು ಹಾಗೇ ಮಲಗಿಬಿಟ್ಟಳು.

ಕ್ಲಾಸು ಮುಗಿಸಿ ಮೇಡಂ ಬಂದರು. "ಸ್ಟಾಫ್ ಇಲ್ಲಿ ಮಲಗೋ ಹಾಗಿಲ್ಲ."

"ಎಲ್ಲಿ ಮಲಗ್ಬೇಕು, ತೋರ್ಸಿ! ನನ್ನ ಮೊಮ್ಮಗ್ಳು ಅಳ್ದೇ ಹುಟ್ಟಿದ್ಲು. ಬೆನ್ನುಜ್ಜಿ ಉಸ್ರಾಡ್ಸಿದೋಳು ಇವ್ಳು. ಇವ್ಳಿಗೇ ಉಸ್ರಾಡೋದು ಹೇಳ್ಕೊಡ್ತೀರಾ? ಹೊತ್ತಿಗೆ ಬದ್ಲಿ ಜನ ಕಳ್ಸಿ, ಊಟಕ್ಕೆ ಬಿಡಿ. ಟೆನ್ಷನ್ನು ತಾನೇ ಹೋಗ್ತದೆ."

ಅವರು ಕೈಲಿದ್ದ ಹಾಜರಿ ಪಟ್ಟಿಯಲ್ಲಿ ಅವಳಿಗೆ ಆಬ್ಸೆಂಟ್ ಹಾಕಿಯೇ ಹೋದರು. ಅದನ್ನು ಹೇಳಲೆಂದು ಅವಳನ್ನು ನಾನು ಎಬ್ಬಿಸಲಿಲ್ಲ. ಬಾಗಿಲಿಗೆ ಸ್ಟೂಲು ಎಳೆದು, ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಅಡ್ಡ ಕೂತೆ.