ತೂತಿನ ಆಪರೇಷನ್‌ಗೆ ರಜೆ ಇಲ್ಲ

ನಮ್ಮ ಮನೆಯ ಇಬ್ಬರು ಸೊಸೆಯರಿಗೂ ಪಿತ್ತಕೋಶ ಇಲ್ಲ. ದೊಡ್ಡವಳದನ್ನು ಹೊಟ್ಟೆ ಕೊಯ್ದು ತೆಗೆದರು, ನನ್ನದನ್ನು ತೂತು ಹಾಕಿ ತೆಗೆದರು. ಇಬ್ಬರೂ ಕಳೆದುಕೊಂಡದ್ದು ಒಂದನ್ನೇ. ಆದರೆ ಬೆಟ್ಟದಪುರದ ಸುತ್ತಿನ ನಮ್ಮ ನೆಂಟರಿಗೆ ಇದನ್ನು ತಿಳಿಸಿ ಹೇಳುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ವಾರಗಿತ್ತಿಗೆ ಕಾಯಿಲೆ ಬಂದದ್ದು ನನಗಿಂತ ಎರಡು ವರ್ಷ ಮುಂಚೆ. ಗ್ಯಾಸ್ಟ್ರಿಕ್ ಅಂದುಕೊಂಡು ಓಮದ ನೀರು ಕುಡಿಸುತ್ತ ಕೂತಿದ್ದರು. ಅಷ್ಟರಲ್ಲಿ ಒಳಗೆ ಕೀವು ಕಟ್ಟಿತ್ತು. ತೂತು ಹಾಕಿ ಮಾಡುವ ಸ್ಥಿತಿ ದಾಟಿದೆ ಎಂದು ಮೈಸೂರಿನ ಡಾಕ್ಟರು ಬಲಪಕ್ಕೆಯ ಕೆಳಗೆ ಗೇಣುದ್ದ ಕೊಯ್ದರು. ಮನೆಗೆ ಬಂದಾಗ ಅವಳು ರಾಣಿ. ನೋಡಲು ಬಂದವರು ಬ್ರೆಡ್ಡು, ಸೇಬು ಕೆಳಗಿಡುವ ಮೊದಲೇ "ಎಲ್ಲಿ, ಗಾಯ ತೋರ್ಸವ್ವ" ಅನ್ನುವುದು ನಮ್ಮ ಕಡೆಯ ಪದ್ಧತಿ. ಅತ್ತೆಯೇ ಸೆರಗು ಸರಿಸಿ ತೋರಿಸುತ್ತಿದ್ದರು. ಆ ಸಲದ ಹೊಗೆಸೊಪ್ಪಿನ ಕೆಲಸ ಮುಗಿಯುವವರೆಗೂ ಅವಳು ಮಂಚ ಇಳಿಯಲಿಲ್ಲ. ಅವಳ ಪಾಲಿನ ಕೆಲಸವನ್ನೂ ನಾನೇ ಮಾಡಿದೆ.

ನನ್ನ ಸರದಿ ಬಂದದ್ದೂ ಸೊಪ್ಪಿನ ಕಾಲದಲ್ಲೇ. ಹೊಟ್ಟೆಗೆ ಗಾಳಿ ತುಂಬಿ, ಹೊಕ್ಕುಳ ಹತ್ತಿರ ಒಂದು, ಮೇಲೆ ಮೂರು ತೂತು ಮಾಡಿ, ಕ್ಯಾಮೆರಾ ಇಳಿಸಿ ತೆಗೆದರು. ಮಾರನೇ ದಿನ ನಾನು ನಡೆದುಕೊಂಡೇ ಬಂದು ಕಾರು ಹತ್ತಿದೆ. ಹಾಗೆ ನಡೆದು ಬಂದದ್ದೇ ನನಗೆ ಕೆಟ್ಟದ್ದಾಯಿತು. ಡಾಕ್ಟರು ನನ್ನ ಗಂಡನಿಗೆ ಎದುರಿಗೇ ಹೇಳಿದ್ದರು: "ಹೊರಗೆ ಸಣ್ಣದಾಗಿ ಕಾಣುತ್ತೆ, ಒಳಗೆ ಅದೇ ಆಪರೇಷನ್. ಒಂದು ತಿಂಗಳು ಭಾರ ಎತ್ತಿಸಬೇಡಿ. ಹೊಕ್ಕುಳ ಹತ್ತಿರದ ಹೊಲಿಗೆ ಬಿಟ್ಟರೆ ಕರುಳು ನುಗ್ಗುತ್ತೆ." ಗಂಡ ತಲೆಯಾಡಿಸಿದ. ಅವನಿಗೆ ಬಹುವಚನ ಹಾಕುವುದನ್ನು ನಾನು ಆಮೇಲೆ ಬಿಟ್ಟುಬಿಟ್ಟೆ, ಇಲ್ಲೂ ಹಾಕುವುದಿಲ್ಲ.

ಬಂದ ನೆಂಟರು ನನ್ನ ಹೊಟ್ಟೆ ನೋಡಿ ನಕ್ಕರು.

"ಇದ್ಯಾವ ಆಪ್ರೇಸನ್ನವ್ವ? ಸೊಳ್ಳೆ ಕಚ್ಚಿದಂಗದೆ!" ಎಂದರು ಗಂಡನ ಸೋದರತ್ತೆ.

"ಈಗಿನೋರು ನಾಜೂಕು ಕಣತ್ತಿಗೆ," ಎಂದರು ನಮ್ಮತ್ತೆ.

ವಾರಗಿತ್ತಿ ಬಾಗಿಲಿಗೆ ಒರಗಿ ನಿಂತಿದ್ದಳು. ಆ ನೋವು ಏನೆಂದು ಬಲ್ಲವಳು ಮನೆಯಲ್ಲಿ ಅವಳೊಬ್ಬಳೇ. ಒಂದು ಮಾತು ಆಡಬಹುದಿತ್ತು. ಆಡಿದಳು ಕೂಡ: "ನಂಗೆ ಕುಯ್ದಾಗ ಕೆಮ್ಮೋಕೂ ಆಯ್ತಿರ್ನಿಲ್ಲ. ಇವ್ಳು ನೋಡಿ, ಎಂಗೆ ಮಾತಾಡ್ತಾ ಕೂತವ್ಳೆ." ಗಾಳಿ ತುಂಬಿದ್ದರಿಂದ ನನ್ನ ಭುಜ ಸಿಡಿಯುತ್ತಿತ್ತು. ಹೊಟ್ಟೆಯ ಆಪರೇಷನ್‌ಗೆ ಭುಜ ನೋಯುತ್ತದೆ ಅಂದರೆ ಯಾರು ನಂಬುತ್ತಾರೆ? ನಾಟಕ ಅಂದರು.

ಒಂದು ವಾರ ಕಳೆಯುವಷ್ಟರಲ್ಲಿ ಬ್ಯಾರನ್ ತುಂಬುವ ದಿನ ಬಂತು. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಬೇಯಿಸುವ ಎತ್ತರದ ಮನೆ. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಕೆಳಗಿನವರು ತಲೆಯ ಮೇಲಕ್ಕೆತ್ತಿ ಕೊಡಬೇಕು, ಮೇಲಿನವರು ನೇತುಹಾಕಬೇಕು. ಅವತ್ತು ಆಳು ಸಿಗಲಿಲ್ಲ. ಕಿತ್ತ ಸೊಪ್ಪು ಯಾರಿಗೂ ಕಾಯುವುದಿಲ್ಲ.

"ಎದ್ದೇಳೆ. ನಾಕ್ ತೂತಿಗೆ ಎಷ್ಟು ದಿನ ಮಲಗ್ತೀಯ?" ಎಂದರು ಅತ್ತೆ.

"ಡಾಕ್ಟ್ರು ಭಾರ ಎತ್ಬ್ಯಾಡ ಅಂದವ್ರೆ ಕಣತ್ತೆ."

"ಅವ್ರು ಎಲ್ರಿಗೂ ಅಂಗೇ ಅಂತಾರೆ ಬುಡು."

ನಾನು ಗಂಡನ ಮುಖ ನೋಡಿದೆ. "ಇವತ್ತೊಂದಿನ ಕಣೆ," ಎಂದು ಅವನು ಮೇಲೆ ಹತ್ತಿದ.

ಎತ್ತಿ ಕೊಟ್ಟೆ. ಅರ್ಧ ಬ್ಯಾರನ್ ತುಂಬುವಷ್ಟರಲ್ಲಿ ಹೊಕ್ಕುಳಲ್ಲಿ ಏನೋ ಪಟ್ಟನೆ ಬಿಟ್ಟಿತು. ಕೈ ಇಟ್ಟರೆ ನಿಂಬೆಹಣ್ಣಿನಷ್ಟು ಗಂಟು. ಕೂಗಿ ಹೇಳಿದೆ. "ಇನ್ನೊಂದ್ ಸಾಲು ಅಷ್ಟೇ," ಎಂದ ಮೇಲಿಂದ. ಆ ಸಾಲು ಮುಗಿಯುವ ಮೊದಲೇ ವಾಂತಿ ಬಂದು ಸೊಪ್ಪಿನ ರಾಶಿಯ ಮೇಲೆ ಬಿದ್ದೆ. ಅತ್ತೆ ಓಡಿ ಬಂದು ಮೊದಲು ಸೊಪ್ಪನ್ನು ಪಕ್ಕಕ್ಕೆ ಎಳೆದರು.

ಮೈಸೂರಿನಲ್ಲಿ ಮತ್ತೆ ಕೊಯ್ದರು, ಈ ಸಲ ಹೊಟ್ಟೆಯ ನಡುವೆ ಉದ್ದಕ್ಕೆ. ಸಿಕ್ಕಿಕೊಂಡು ಕಪ್ಪಾಗಿದ್ದ ಕರುಳಿನ ತುಂಡನ್ನು ಕತ್ತರಿಸಿ ಹಾಕಿ ಹೊಲಿದರು. ಡಾಕ್ಟರು ಗಂಡನಿಗೆ ಚೆನ್ನಾಗಿ ಬೈದರಂತೆ. ಅದಕ್ಕೂ ತಲೆಯಾಡಿಸಿದನಂತೆ.

ಮನೆಗೆ ಬಂದ ದಿನ ಅತ್ತೆ ಹೊಲಿಗೆ ನೋಡಿ ಬೆಚ್ಚಿದರು. "ಅಯ್ಯೋ ನನ್ ಕಂದ! ಆಪ್ರೇಸನ್ ಅಂದ್ರೆ ಇದು ಕಣವ್ವ," ಎಂದು ಕಣ್ಣೊರೆಸಿಕೊಂಡು ತಮ್ಮ ಕೈಯಾರೆ ಗಂಜಿ ಕುಡಿಸಿದರು, ನಾನು ಆ ಮನೆಗೆ ಬಂದಮೇಲೆ ಮೊದಲ ಸಲ. ವಾರಗಿತ್ತಿ ಕಾಲು ಒತ್ತಿದಳು. ಏಳು ಅಂತ ಯಾರೂ ಅನ್ನಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ, ನನಗೆ ಸಂತೋಷವಾಯಿತು.

ಸಾಯಂಕಾಲ ಸೋದರತ್ತೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನೇ ಸೆರಗು ಸರಿಸಿದೆ.